ಖಾಲಿ ಬಿಟ್ಟ ಜಾಗದಲ್ಲೂ ಮೂಳೆ ಬೆಳೆದಾಗ

ಕೋಲಾರದಲ್ಲಿ ಮೂಳೆ ಡಾಕ್ಟರ್ ಆಗಿರುವವರಿಗೆ ಬೆಂಗಳೂರು–ಚೆನ್ನೈ ಹೆದ್ದಾರಿಯ ಬೈಕ್ ಅಪಘಾತಗಳು ಹೊಸದಲ್ಲ. ಕೆಲವರಿಗೆ ಮೊಣಕಾಲ ಕೆಳಗಿನ ಮೂಳೆಯ ಒಂದು ತುಂಡೇ ಇಲ್ಲದಂತಾಗಿರುತ್ತದೆ. ಸೊಂಟದ ಮೂಳೆಯಿಂದ ತೆಗೆದು ತುಂಬುತ್ತೇವೆ. ಆದರೆ ಅಲ್ಲಿ ಸಿಗುವುದು ಸ್ವಲ್ಪವೇ. ಆ ಕೊರತೆಗೆ ಸ್ಟೆಮ್ ಸೆಲ್, ಅಂದರೆ ಮೂಳೆಯಂಥ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ, ಸಹಾಯ ಮಾಡುತ್ತದಾ ಅಂತ ನೋಡಲು ನಾನು ಮೊಲಗಳ ಮೇಲೆ ಕೆಲಸ ಶುರು ಮಾಡಿದೆ.

ನ್ಯೂಜಿಲೆಂಡ್ ವೈಟ್ ಜಾತಿಯ ಮೊಲ, ಅದರ ಮುಂಗಾಲಿನ ರೇಡಿಯಸ್ ಮೂಳೆಯಿಂದ ಒಂದು ತುಂಡು ಕತ್ತರಿಸಿ ತೆಗೆಯುವುದು. ಪಕ್ಕದಲ್ಲೇ ಅಲ್ನಾ ಮೂಳೆ ಆಸರೆಯಾಗಿ ಇರುವುದರಿಂದ ಪ್ಲೇಟ್, ಸ್ಕ್ರೂ ಬೇಕಿಲ್ಲ. ಮೂರು ಗುಂಪು ಮಾಡಿದೆವು. ಒಂದರಲ್ಲಿ ಕತ್ತರಿಸಿದ ಜಾಗ ಖಾಲಿ, ಇನ್ನೊಂದರಲ್ಲಿ ಬರೀ ಕ್ಯಾಲ್ಸಿಯಂ ಫಾಸ್ಫೇಟ್ ಹರಳು, ಮತ್ತೊಂದರಲ್ಲಿ ಹರಳಿನ ಜೊತೆ ಆ ಮೊಲದ್ದೇ ಸ್ಟೆಮ್ ಸೆಲ್. ಅದರ ಸೊಂಟದ ಮೂಳೆಯಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಸಿರಿಂಜಿಗೆ ಮಜ್ಜೆ ಎಳೆದು, 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಬೆಳೆಸಿದೆವು. ನಮಗೆ ಬೇಕಾದ ಸೆಲ್ ಫ್ಲಾಸ್ಕಿನ ತಳಕ್ಕೆ ಅಂಟಿಕೊಳ್ಳುತ್ತದೆ, ರಕ್ತದ ಸೆಲ್‌ಗಳು ತೇಲಿ ತೊಳೆದುಹೋಗುತ್ತವೆ.

ಮೊದಲ ಸಲ ನಾವು ತೆಗೆದದ್ದು 10 ಮಿ.ಮೀ. ತುಂಡು. ಎಂಟನೇ ವಾರದ ಎಕ್ಸ್‌ರೇ ನೋಡಿದರೆ ಖಾಲಿ ಬಿಟ್ಟ ಜಾಗದಲ್ಲೂ ಮೂಳೆ ಬೆಳೆದಿತ್ತು! ಸೆಲ್ ಹಾಕಿದ ಗುಂಪನ್ನು ಮಾತ್ರ ನೋಡಿದ್ದರೆ ಎಲ್ಲಾ ಸ್ಟೆಮ್ ಸೆಲ್ ಮಹಿಮೆ ಅಂದುಕೊಳ್ಳುತ್ತಿದ್ದೆವು, ಅಲ್ವಾ? ತಪ್ಪು ನಮ್ಮದೇ. ಮೂಳೆಯ ಮೇಲಿನ ತೆಳು ಪೊರೆಯನ್ನು ಪೂರ್ತಿ ತೆಗೆದಿರಲಿಲ್ಲ. ಹೊಸ ಮೂಳೆ ಕಟ್ಟುವ ಸೆಲ್ ಆ ಪೊರೆಯಲ್ಲೇ ಇರುತ್ತವೆ. ಮೊಲಗಳೂ ಎಳೆಯವು, ಇನ್ನೂ ನಾಲ್ಕು ತಿಂಗಳು. ಆ ಮೊಲಗಳ ಜೀವ ನಮ್ಮ ಅರ್ಧಂಬರ್ಧ ತಯಾರಿಗೆ ಹೋಯಿತು. ಇವತ್ತಿಗೂ ಅದು ನನಗೆ ನೋವು.

ಎರಡನೇ ಸಲ ಪ್ರಾಣಿ ಪ್ರಯೋಗದ ನೈತಿಕ ಸಮಿತಿಗೆ ಎಲ್ಲವನ್ನೂ ಹೇಳಿ ಮತ್ತೆ ಒಪ್ಪಿಗೆ ಪಡೆದೆವು. ಈ ಬಾರಿ ಎಂಟು ತಿಂಗಳು ತುಂಬಿದ ಮೊಲ, 15 ಮಿ.ಮೀ. ತುಂಡು, ಪೊರೆಯನ್ನೂ ಸೇರಿಸಿ ತೆಗೆದದ್ದು. ಕುಡಿಯಲು ಆರ್‌ಒ ನೀರು ಮಾತ್ರ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿ.ಗ್ರಾಂ ಮಿತಿ ದಾಟಿದ ಊರುಗಳು ಎಷ್ಟೋ ಇವೆ. ಫ್ಲೋರೈಡ್ ಮೂಳೆಯೊಳಗೇ ಸೇರುತ್ತದೆ. ಅದರ ಪರಿಣಾಮ ಯಾವುದು, ಸೆಲ್ಲಿನದು ಯಾವುದು ಅಂತ ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಆಪರೇಷನ್‌ಗಿಂತ ಕಷ್ಟ ಆಮೇಲಿನ ಮೂರು ದಿನ. ಮೊಲ ನೋವು ಅಂತ ಕೂಗುವುದಿಲ್ಲ, ಸುಮ್ನೆ ಮೂಲೆ ಹಿಡಿದು ಕೂರುತ್ತದೆ. ಮೇವು ತಿನ್ನುವುದನ್ನು ನಿಲ್ಲಿಸಿದರೆ ಕರುಳಿನ ಕೆಲಸ ನಿಂತುಹೋಗುತ್ತದೆ. ನಮ್ಮ ಅನಿಮಲ್ ಹೌಸ್ ನೋಡಿಕೊಳ್ಳುವ ಅಣ್ಣ ಒಂದು ಮಧ್ಯಾಹ್ನ ಓಡಿ ಬಂದರು. "ಡಾಕ್ಟ್ರೇ, ಮೂರನೇ ಗೂಡಿಂದು ಬೆಳಿಗ್ಗೆಯಿಂದ ಹಿಕ್ಕೆ ಹಾಕಿಲ್ಲ." ತಕ್ಷಣ ನೋವಿನ ಇಂಜೆಕ್ಷನ್ ಕೊಟ್ಟೆವು. ಸಂಜೆ ಅವರು ಕುದುರೆ ಮೆಂತ್ಯದ ಎಳೆ ಸೊಪ್ಪನ್ನು ಬಾಯಿ ಹತ್ತಿರ ಹಿಡಿದು ಕಾದು ಕೂತರು. ಮೂಗು ಅಲ್ಲಾಡಿಸಿ ಒಂದು ಎಲೆ ತಿಂದಿತು. ಅವತ್ತಿನಿಂದ ಪ್ರತಿ ಗೂಡಿನ ಕಾರ್ಡಿನಲ್ಲಿ ಹಿಕ್ಕೆಯ ಲೆಕ್ಕಕ್ಕೂ ಒಂದು ಸಾಲು ಹಾಕಿದೆವು.

ಹನ್ನೆರಡನೇ ವಾರ ಖಾಲಿ ಜಾಗ ಖಾಲಿಯಾಗೇ ಇತ್ತು, ಮೂಳೆಯ ತುದಿಗಳು ದುಂಡಗಾಗಿ ಮುಚ್ಚಿದ್ದವು. ಉಳಿದ ಎರಡು ಗುಂಪಿನಲ್ಲಿ ಎಕ್ಸ್‌ರೇ ನಂಬುವಂತಿಲ್ಲ. ಹರಳೂ ಬೆಳ್ಳಗೆ, ಮೂಳೆಯೂ ಬೆಳ್ಳಗೆ. ಮೊಲಗಳಿಗೆ ನೋವಾಗದಂತೆ ಪ್ರಾಣ ತೆಗೆದು, ಮೂಳೆಯನ್ನು ವಾರಗಟ್ಟಲೆ ನೆನೆಸಿ ಮೆತ್ತಗೆ ಮಾಡಿ, ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪ್ ಕೆಳಗೆ ಇಟ್ಟ ಮೇಲೆಯೇ ಗೊತ್ತಾಗಿದ್ದು. ಬರೀ ಹರಳು ಹಾಕಿದಲ್ಲಿ ಮೂಳೆ ಅಂಚಿನಲ್ಲೇ ನಿಂತಿತ್ತು. ಸೆಲ್ ಹಾಕಿದ ಹೆಚ್ಚಿನವುಗಳಲ್ಲಿ ನಡುವಿನವರೆಗೂ ಬಂದಿತ್ತು.

"ಆ ಸ್ಟೆಮ್ ಸೆಲ್ ಇಂಜೆಕ್ಷನ್ ನಮಗೆ ಯಾವಾಗ ಕೊಡ್ತೀರಾ ಸಾರ್?" ಅಂತ ಓಪಿಡಿಯಲ್ಲಿ ಕೇಳುತ್ತಾರೆ. ಈಗಲೇ ಕೊಡಲು ಆಗಲ್ಲ ಅಂತ ನೇರವಾಗಿ ಹೇಳುತ್ತೇನೆ. ಮೊಲದ ಮೂಳೆ ನಮ್ಮದಕ್ಕಿಂತ ಬೇಗ ಬೆಳೆಯುತ್ತದೆ, ಅದರ ಕಾಲಿನ ಮೇಲೆ ನಮ್ಮಷ್ಟು ಭಾರವೂ ಬೀಳುವುದಿಲ್ಲ. ಮುಂದಿನದು ಕುರಿ. ಅದಕ್ಕೆ ಪ್ರಾಣಿ ಪ್ರಯೋಗ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಮಿತಿಯ ಒಪ್ಪಿಗೆ ಬೇಕು, ಅರ್ಜಿ ಬರೆಯುತ್ತಿದ್ದೇನೆ. ಎಳೆ ಕುರಿಯ ಮೂಳೆಯ ರಚನೆ ಬೇರೆ ಥರ, ಹಾಗಾಗಿ ಬಾಯಿಗೂಡಿದ, ಅಂದರೆ ಹಲ್ಲೆಲ್ಲ ಬಂದ ಬೆಳೆದ ಕುರಿಯೇ ಬೇಕು. ಸಂತೆಯಲ್ಲಿ ಬಾಯಿ ಬಿಡಿಸಿ ನೋಡುವಾಗ ಹಲ್ಲು ಎಷ್ಟು ಅಂತಷ್ಟೇ ಅಲ್ಲ, ಅದರ ಮೇಲೆ ಫ್ಲೋರೈಡಿನ ಕಂದು ಕಲೆ ಇದೆಯಾ ಅಂತಲೂ ನೋಡಬೇಕು.