ಅಕ್ಕಿ ಡಬ್ಬಿಯಲ್ಲಿ ಫೋನು

ಹಾಸ್ಟೆಲ್‌ನಲ್ಲಿದ್ದಾಗ ಬೆಳಗಿನ ಐದಕ್ಕೆ ಗಂಟೆ ಬಾರಿಸೋರು. ಆಮೇಲೆ ಆಡಿಟರ್ ಆಫೀಸಿನಲ್ಲಿ ಒಂಬತ್ತೂವರೆಗೆ ಹಾಜರಿ ಪುಸ್ತಕ. ಹೀಗಾಗಿ ನಾನು ಭಾರೀ ಶಿಸ್ತಿನ ಮನುಷ್ಯ ಅಂತಲೇ ನಂಬಿಕೊಂಡಿದ್ದೆ. 2019ರಲ್ಲಿ ಕೆಲಸ ಬಿಟ್ಟು, ದಾವಣಗೆರೆಯ ವಿದ್ಯಾನಗರದ ಮನೆಯಲ್ಲೇ ಜಿಎಸ್‌ಟಿ ಲೆಕ್ಕ ಬರೆಯೋಕೆ ಕೂತಾಗ ಬಣ್ಣ ಬಯಲಾಯ್ತು. ಶಿಸ್ತು ಇದ್ದದ್ದು ಆ ಗಂಟೆಗೆ.

ಕೇಳೋರಿಲ್ಲ. ಎದ್ದಾಗ ಬೆಳಗು, ಹತ್ತೂವರೆಗೆ ಬೆಣ್ಣೆ ದೋಸೆ, ಮಧ್ಯಾಹ್ನ ನಿದ್ದೆ. ನಮ್ಮ ಕೆಲಸಕ್ಕೆ ತಿಂಗಳಲ್ಲಿ ಮುಖ್ಯವಾದವು ಎರಡು ತಾರೀಖು: ಮಾರಾಟದ ವಿವರಕ್ಕೆ 11, ತೆರಿಗೆ ಕಟ್ಟುವ 3ಬಿ ಅನ್ನೋ ರಿಟರ್ನ್‌ಗೆ 20. ಊರಿನವರೆಲ್ಲ ಪೋರ್ಟಲ್‌ಗೆ ಮುಗಿಬೀಳುವ ಕೊನೇ ರಾತ್ರಿಯೇ ನನಗೂ ಜ್ಞಾನೋದಯ.

ಒಂದು ತಿಂಗಳು ಮಂಡಿಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಯವರ 3ಬಿ ಮರೆತೇ ಹೋಯ್ತು. ಆರು ದಿನ ತಡ. ದಿನಕ್ಕೆ 50 ರೂಪಾಯಿಯಂತೆ 300, ಜೊತೆಗೆ ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ ಬಡ್ಡಿ. ದುಡ್ಡು ನಾನೇ ಕಟ್ಟಿ, ಹೇಳೋಕೆ ಅಂಗಡಿಗೆ ಹೋದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಹುಡುಗನ್ನ ಕಳಿಸಿ ನರ್ಗಿಸ್ ಮಂಡಕ್ಕಿ ತರಿಸಿದರು. "ಆತ್ ಬಿಡ್ರಿ ಸಾರ್, ತಿನ್ರಿ ಮೊದ್ಲು" ಅಂದರು. ಬೈದಿದ್ದರೆ ವಾಸಿ ಇತ್ತು. ಆ ಮಂಡಕ್ಕಿ ಗಂಟಲಲ್ಲಿ ಇಳೀಲಿಲ್ಲ.

ಅವತ್ತೇ ರಾತ್ರಿ ಮಗಳ ಸ್ಕೆಚ್ ಪೆನ್ನು ಇಸ್ಕೊಂಡು ಟೈಮ್‌ಟೇಬಲ್ ಬರೆದೆ. 4:45ಕ್ಕೆ ಏಳೋದು, ಕುಂದುವಾಡ ಕೆರೆ ಸುತ್ತೋದು, ಗಂಟೆಗೊಂದು ಬಣ್ಣ, ಓದೋಕೂ ಒಂದು ಬಣ್ಣ. ಹತ್ತೊಂಬತ್ತು ದಿನ ನಡೀತು. ಇಪ್ಪತ್ತನೇ ದಿನ ಮನೆಗೆ ನೆಂಟರು ಬಂದು ಮೂರು ಬಣ್ಣ ತಪ್ಪಿದವು. ತಪ್ಪಿದ್ದನ್ನೆಲ್ಲ ಮರುದಿನಕ್ಕೆ ತುರುಕಿದೆ, ಮರುದಿನದ್ದು ಅದರ ಮರುದಿನಕ್ಕೆ. ಸಾಲದ ಮೇಲೆ ಸಾಲ ಮಾಡಿದಂಗೆ. ಒಂದು ವಾರಕ್ಕೆ ಚಾರ್ಟು ಹರಿದು ಕಸದ ಬುಟ್ಟಿಗೆ ಹಾಕಿದೆ.

ಈಗ ಉಳಿಸಿಕೊಂಡಿರೋದು ಇಷ್ಟೇ. ಬೆಳಗ್ಗೆ ಏಳರಿಂದ ಹತ್ತು ಕೆಲಸ, ಆ ಹೊತ್ತು ಫೋನು ಅಡುಗೆಮನೆಯ ಅಕ್ಕಿ ಡಬ್ಬಿಯೊಳಗೆ. ಮೊದಲು ಬೀರುವಿನಲ್ಲಿ ಇಡ್ತಿದ್ದೆ, ಆದರೆ ಅದು ಕುರ್ಚಿ ಪಕ್ಕದಲ್ಲೇ, ಕೈ ತಾನಾಗೇ ಹೋಗೋದು. ಅಕ್ಕಿಯೊಳಗೆ ಕೈ ಹಾಕೋಕೆ ಹೆಂಡತಿ ಮುಂದೆ ಹಾದುಹೋಗಬೇಕು, ನಾಚಿಕೆ ಆಗುತ್ತೆ. ಇನ್ನೊಂದು, ಅಂಗಡಿಯವರು ಬಿಲ್ಲುಗಳನ್ನ 5ನೇ ತಾರೀಖಿನೊಳಗೆ ಕೊಡಬೇಕು ಅಂತ ಹೇಳಿಬಿಟ್ಟಿದ್ದೀನಿ. ಇಬ್ಬರು ಬೇಜಾರು ಮಾಡ್ಕೊಂಡು ಬೇರೆಯವರ ಹತ್ತಿರ ಹೋದರು, ಹೋಗಲಿ. ಹತ್ತರ ಮೇಲಿನ ಹೊತ್ತಿಗೆ ಯಾವ ಬಣ್ಣವೂ ಇಲ್ಲ. ಕೆಲಸ ಇದ್ದರೆ ಮಾಡ್ತೀನಿ, ಇಲ್ಲ ಅಂದ್ರೆ ಮಲಗ್ತೀನಿ. ಒಂದು ಬೆಳಗ್ಗೆ ತಪ್ಪಿದರೆ ತಪ್ಪಿತು, ಸಂಜೆ ಕೂತು ಸರಿದೂಗಿಸೋ ಹಾಗಿಲ್ಲ. ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ನಿಯಮ.

21ನೇ ತಾರೀಖು ಪೂರ್ತಿ ರಜೆ. ಎಷ್ಟೋ ಸಲ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋಗಿ, ಕೋಟೆ ಏರಿ ಗೋಪಾಲಸ್ವಾಮಿ ಹೊಂಡದ ಹತ್ತಿರ ಸುಮ್ಮನೆ ಕೂತು ಬರ್ತೀನಿ.

ಈ ತಿಂಗಳು ನಾಲ್ಕು ಬೆಳಗ್ಗೆ ತಪ್ಪಿದೆ. ಮೊನ್ನೆ ಅಕ್ಕಿ ಅಳೆಯೋಕೆ ಡಬ್ಬಿ ತೆಗೆದ ಹೆಂಡತಿ, "ಏನ್ರೀ, ಅಕ್ಕಿ ರಿಂಗಾಗ್ತೈತಿ!" ಅಂತ ಕೂಗಿದಳು. ಗಡಿಯಾರ ನೋಡಿದೆ. ಹತ್ತಾಗೋಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. "ಮುಚ್ಚಳ ಹಾಕು" ಅಂದೆ.