ಪೇಟೆಗೆ ಬಂದ ಸರಕು ಇಳಿಸುವ ಮುನ್ನ

ಮಂಗಳೂರಿನ ಸಗಟು ಮಳಿಗೆಯಿಂದ ಹೊರಟ ಪಿಕಪ್ ತಲಪಾಡಿಯ ಗಡಿ ದಾಟಿ ಕೇರಳದ ಕುಂಬಳೆಯನ್ನೋ ಕಾಸರಗೋಡನ್ನೋ ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ಕಾಸರಗೋಡಿನವರೆಗೆ ಹೋದರೂ ದೂರ 50 ಕಿಲೋಮೀಟರಿನ ಆಸುಪಾಸು. ತೊಡಕು ಶುರುವಾಗುವುದು ಅಂಗಡಿಯೆದುರು ಬಂದು ನಿಂತ ಮೇಲೆ. ಎಷ್ಟು ಹೊತ್ತಿಗೆ ಇಳಿಸಬೇಕು, ವಾಹನವನ್ನು ಎಲ್ಲಿ ನಿಲ್ಲಿಸಬೇಕು, ಸರಕಿಗೆ ಯಾರು ಕೈ ಹಾಕಬೇಕು ಎಂಬುದನ್ನು ವಾಹನ ಹೊರಡುವ ಮೊದಲೇ ಫೋನಿನಲ್ಲಿ ತೀರ್ಮಾನಿಸಿಕೊಂಡ ವ್ಯಾಪಾರಿಗೆ ಇದು ಅರ್ಧ ಗಂಟೆಯ ಕೆಲಸ. ಬಂದ ಮೇಲೆ ನೋಡೋಣ ಎಂದವರಿಗೆ ಅರ್ಧ ದಿನದ್ದು.

ಮೊದಲು ಸಮಯವನ್ನು ಗೊತ್ತುಮಾಡಿಕೊಳ್ಳಿ. ಎಲ್ಲ ಊರುಗಳಿಗೂ ಹೊಂದುವ ಒಂದೇ ವೇಳಾಪಟ್ಟಿ ಇಲ್ಲ. ನಿರ್ದಿಷ್ಟ ರಸ್ತೆಯಲ್ಲಿ ನಿರ್ದಿಷ್ಟ ಬಗೆಯ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಕೊಡುತ್ತದೆ. ನಿಲುಗಡೆಯ ತಾಣಗಳನ್ನು ಗುರುತಿಸುವ ಅಧಿಕಾರ 117ನೇ ಸೆಕ್ಷನ್ನಿನಲ್ಲಿದೆ. ನಮ್ಮ ಪೇಟೆಗಳಲ್ಲಿ ನಗರಸಭೆಯ ಅಥವಾ ಪಂಚಾಯತಿನ ಟ್ರಾಫಿಕ್ ಸಮಿತಿಯಲ್ಲಿ ಚರ್ಚೆಯಾಗಿ ಏಕಮುಖ ಸಂಚಾರ, ಪಾರ್ಕಿಂಗ್, ಸರಕು ವಾಹನಗಳ ವೇಳೆ ಇತ್ಯಾದಿ ನಿರ್ಧಾರವಾಗುತ್ತವೆ, ಪೊಲೀಸರು ಜಾರಿಗೆ ತರುತ್ತಾರೆ. ಆದ್ದರಿಂದ ಹೋದ ವರ್ಷ ನಡೆದದ್ದು ಈ ವರ್ಷವೂ ನಡೆದೀತೆಂದು ನಂಬಿ ಕೂರುವಂತಿಲ್ಲ. ಓಣಂ, ಪೆರ್ನಾಲ್ (ಈದ್), ಚೌತಿಯ ವಾರಗಳಲ್ಲಂತೂ ಹಿಂದಿನ ದಿನವೇ ಟ್ರಾಫಿಕ್ ಪೊಲೀಸರನ್ನು ಒಮ್ಮೆ ಕೇಳಿಕೊಳ್ಳುವುದು ಮೇಲು. ನಿರ್ಬಂಧವೇನೂ ಇಲ್ಲದ ಪೇಟೆಯಲ್ಲೂ ಶಾಲೆ ಸೇರುವ, ಶಾಲೆ ಬಿಡುವ ಹೊತ್ತನ್ನು ಬಿಟ್ಟುಬಿಡಿ.

ಕಾಗದಪತ್ರಗಳ ಮಾತು ಚಿಕ್ಕದು. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್, ಎಂದರೆ ಸರಕು ಸಾಗಿಸಲು ಜಿಎಸ್‌ಟಿ ವ್ಯವಸ್ಥೆಯಲ್ಲಿ ಆನ್‌ಲೈನಾಗಿ ಮಾಡಿಕೊಳ್ಳುವ ಪತ್ರ ಬೇಕು, ಅದರಲ್ಲಿ ನಮೂದಾದ ವಾಹನಸಂಖ್ಯೆಯೂ ಸರಕು ಹೊತ್ತ ವಾಹನದ ಸಂಖ್ಯೆಯೂ ಒಂದೇ ಆಗಿರಬೇಕು. ದಾರಿಯಲ್ಲಿ ಗಾಡಿ ಕೆಟ್ಟು ಸರಕನ್ನು ಬೇರೆ ಗಾಡಿಗೆ ಹಾಕಿದಾಗ ಇದನ್ನು ಬದಲಿಸಲು ಮರೆಯುವವರೇ ಹೆಚ್ಚು. 200 ಕಿಲೋಮೀಟರಿನವರೆಗಿನ ಸಾಗಣೆಗೆ ಬಿಲ್ಲಿನ ಅವಧಿ ಒಂದು ದಿನ, ಎಂದರೆ ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿಯವರೆಗೆ. ರಾತ್ರಿ ಬಂದ ಸರಕನ್ನು ಬೆಳಿಗ್ಗೆ ಇಳಿಸೋಣ ಎನ್ನುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆಮೇಲೆ ಜಾಗ. ಗಡಿಯಾಚೆಯಿಂದ ಬರುವ ಚಾಲಕರಿಗೆ ಮಲಯಾಳದ ಬರಹ ಓದಲು ಬಾರದಿರಬಹುದು, ಆದರೆ ಫಲಕದ ಚಿತ್ರ ದೇಶಕ್ಕೆಲ್ಲ ಒಂದೇ. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದೇ ಓರೆಗೆರೆ ಇದ್ದರೆ ಪಾರ್ಕಿಂಗ್ ನಿಷೇಧ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದ್ದರೆ ವಾಹನ ನಿಲ್ಲಿಸುವುದೇ ನಿಷೇಧ. ಒಂದು ಗೆರೆಯ ಫಲಕದ ಕೆಳಗೆ ಒಂದು ಪೆಟ್ಟಿಗೆಯನ್ನು ಇಳಿಸಿಕೊಟ್ಟು ಹೊರಟರೆ ಯಾರೂ ತಡೆಯಲಾರರು. ನಲವತ್ತು ಮೂಟೆ ಅಕ್ಕಿ ಇಳಿಸುತ್ತ ‘ಇದು ಪಾರ್ಕಿಂಗ್ ಅಲ್ಲ’ ಎಂದು ವಾದಿಸಿದರೆ ಕೇಳುವವರೂ ಇರಲಾರರು. ಫಲಕವಿಲ್ಲದ ಕಡೆಯಲ್ಲೂ ತಿರುವು, ಕೂಡುರಸ್ತೆ, ಕಾಲುದಾರಿ, ಬಸ್ ನಿಲ್ದಾಣ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲು ಇವುಗಳ ಬಳಿ ವಾಹನ ನಿಲ್ಲಿಸುವಂತಿಲ್ಲ. ನಿಂತ ವಾಹನದ ಪಕ್ಕಕ್ಕೆ ಇನ್ನೊಂದನ್ನು ಜೋಡಿಸುವಂತೆಯೂ ಇಲ್ಲ. ಅಡ್ಡವಾಗಿ ಬಿಟ್ಟುಹೋದ ವಾಹನವನ್ನು ಎಳೆದೊಯ್ದರೆ ಅದರ ಖರ್ಚು ಮಾಲೀಕನದ್ದೇ. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದಲ್ಲಿ ಮುಖ್ಯ ರಸ್ತೆಯ ಅಂಚಿಗೆ ಲಾರಿ ನಿಲ್ಲಿಸಿ ಸರಕು ಇಳಿಸುವ ಹಳೆಯ ರೂಢಿಗೆ ಅವಕಾಶವೇ ಇಲ್ಲ. ಸರ್ವೀಸ್ ರಸ್ತೆಯಲ್ಲಿ ನಿಂತರೆ ಹಿಂದೆ ಬಂದ ಬಸ್ಸಿಗೆ ದಾರಿಯಿಲ್ಲ. ಹೆದ್ದಾರಿಯ ಬದಿಯ ಅಂಗಡಿಯವರು ಹಿಂಬದಿಯ ಅಂಗಳವನ್ನೋ ಒಳರಸ್ತೆಯನ್ನೋ ಮೊದಲೇ ನೋಡಿಟ್ಟುಕೊಂಡು, ಚಾಲಕನಿಗೆ ಅಲ್ಲಿಯ ಲೊಕೇಶನ್ ಕಳುಹಿಸಬೇಕು.

ಇನ್ನು ಕೆಲಸಗಾರರ ವಿಷಯ. ಕರ್ನಾಟಕದಿಂದ ಬರುವವರು ಎಡವುವುದು ಇಲ್ಲಿಯೇ. ಕ್ಲೀನರೂ ಅಂಗಡಿಯ ಹುಡುಗನೂ ಸೇರಿ ಇಳಿಸಿದರಾಯಿತು ಎಂಬ ಲೆಕ್ಕಾಚಾರದಲ್ಲಿ ಅವರು ಬಂದಿರುತ್ತಾರೆ. ಕೇರಳದಲ್ಲಿ 1978ರ ತಲೆಹೊರೆ ಕಾರ್ಮಿಕರ ಕಾಯ್ದೆ ಇದೆ. ನಮ್ಮಲ್ಲಿ ‘ಚುಮಟ್ಟಿನವರು’, ‘ಲೋಡಿಂಗ್‌ನವರು’ ಎಂದು ಕರೆಯುವ ಈ ಕಾರ್ಮಿಕರ ನೋಂದಣಿ, ಕೂಲಿ ಮತ್ತು ಕ್ಷೇಮನಿಧಿಗಳೆಲ್ಲ ಅದರ ಅಡಿಯಲ್ಲಿ ಬರುತ್ತವೆ. ಅಂಗಡಿಯವರು ತಮ್ಮ ಸ್ವಂತ ಆಳುಗಳಿಂದಲೇ ಇಳಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಆ ಆಳುಗಳ ಹೆಸರನ್ನು ನಿಯಮ 26ಎ ಪ್ರಕಾರ ಅಸಿಸ್ಟೆಂಟ್ ಲೇಬರ್ ಆಫೀಸರ್ ಕಚೇರಿಯಲ್ಲಿ ನೋಂದಾಯಿಸಿ ಕಾರ್ಡ್ ಪಡೆದಿರಬೇಕು. ಹೊಸದಾಗಿ ಅಂಗಡಿ ತೆರೆಯುವವರು ಬಣ್ಣ ಬಳಿಸುವ ಹೊತ್ತಿಗೇ ಈ ಅರ್ಜಿಯನ್ನೂ ಕೊಟ್ಟುಬಿಡುವುದು ಒಳ್ಳೆಯದು. ಮನೆಬಳಕೆಗಾಗಿ ಒಬ್ಬ ವ್ಯಕ್ತಿ ಇಟ್ಟುಕೊಂಡ ಆಳು ಈ ಕಾಯ್ದೆಯ ವ್ಯಾಖ್ಯೆಗೆ ಒಳಪಡುವುದಿಲ್ಲ. ಆದ್ದರಿಂದ ಮನೆ ಬದಲಿಸುವವರು ತಮ್ಮ ಕಪಾಟನ್ನು ತಾವೇ ಇಳಿಸಿಕೊಳ್ಳಬಹುದು.

ಕಾರ್ಡಿಲ್ಲದಿದ್ದರೆ ಆಯಾ ಪ್ರದೇಶದ ನೋಂದಾಯಿತ ಕಾರ್ಮಿಕರನ್ನೇ ಕರೆಯಬೇಕು. ದರ ಸರಕಿನ ಬಗೆಗೆ ತಕ್ಕಂತೆ ಬೇರೆ ಬೇರೆ; ಸಿಮೆಂಟಿನದ್ದು ಹಂಚಿಗೆ ಸಲ್ಲದು, ಹಂಚಿನದ್ದು ಗಾಜಿಗೆ ಸಲ್ಲದು. ಒಪ್ಪಿತ ದರಪಟ್ಟಿ ಲೇಬರ್ ಕಚೇರಿಯಲ್ಲಿ ಸಿಗುತ್ತದೆ, ಅದರ ಒಂದು ಪ್ರತಿಯನ್ನು ಗಲ್ಲಾಪೆಟ್ಟಿಗೆಯ ಬಳಿ ಅಂಟಿಸಿಟ್ಟುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಕೆಲಸ ಮಾಡದೆ ನಿಂತು ನೋಡಿದ್ದಕ್ಕೆ ಕೇಳುವ ‘ನೋಕ್ಕುಕೂಲಿ’ಯನ್ನು ಕೇರಳ ಸರ್ಕಾರ 2018ರ ಮೇ 1ರಿಂದ ನಿಷೇಧಿಸಿದೆ, ಇಂಥ ಬೇಡಿಕೆಯನ್ನು ಸುಲಿಗೆಯೆಂದೇ ಪರಿಗಣಿಸಬೇಕೆಂದು 2021ರಲ್ಲಿ ಹೈಕೋರ್ಟ್ ಹೇಳಿತು. ಕಾರ್ಮಿಕರ ಪಾಲಿನ ನ್ಯಾಯವೂ ಒಂದಿದೆ: ಒಬ್ಬರ ತಲೆಯ ಮೇಲೆ ಹೊರಿಸಬಹುದಾದ ಗರಿಷ್ಠ ಭಾರ ಹಿಂದೆ 75 ಕಿಲೋ ಇದ್ದದ್ದು ಈಗ 55 ಕಿಲೋ, ಮಹಿಳೆಯರಿಗೆ 35. ಹಾಗಾಗಿ ಸರಕು ತರಿಸುವಾಗಲೇ 50 ಕಿಲೋದ ಮೂಟೆ ಕಟ್ಟಿಸಿ ಎಂದು ಹೇಳಿ.

ವಾಹನ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ ನಾಲ್ಕೂ ಇಂಡಿಕೇಟರ್ ಉರಿಸಬೇಕು, ಕೆಳಗಿಳಿದ ಹಿಂಬಾಗಿಲು ದಾರಿಹೋಕರ ತಲೆಗೆ ತಾಗದಂತೆ ಒಬ್ಬರು ಅಲ್ಲೇ ನಿಲ್ಲಬೇಕು. ನಮ್ಮ ಊರುಗಳಲ್ಲಿ ಸಪಾಟು ರಸ್ತೆ ಕಡಿಮೆ, ಆದ್ದರಿಂದ ಹಿಂದಿನ ಟಯರಿಗೆ ಕಲ್ಲು ಕೊಡುವ ರೂಢಿಯಿದೆ. ಕೆಲಸ ಮುಗಿದು ಗಾಡಿ ಹೊರಟಾಗ ಆ ಕಲ್ಲು ಅಲ್ಲೇ ಉಳಿಯುತ್ತದೆ. ಬದಿಯಡ್ಕ ಪೇಟೆಯ ಇಳಿಜಾರಿನಲ್ಲಿ ಒಂದು ಮುಸ್ಸಂಜೆ ಮಳೆನೀರಿನಡಿ ಮುಳುಗಿದ್ದ ಅಂಥದೊಂದು ಕೆಂಪುಕಲ್ಲಿನ ತುಂಡಿಗೆ ನನ್ನ ಸ್ಕೂಟರಿನ ಮುಂದಿನ ಚಕ್ರ ಹತ್ತಿ, ಬೀಳದೆ ಉಳಿದದ್ದು ಪುಣ್ಯ. ಹಿಡಿ ಇರುವ ಮರದ ಅಡೆಯೊಂದನ್ನು ಹಗ್ಗದಿಂದ ಗಾಡಿಗೇ ಕಟ್ಟಿಟ್ಟರೆ ಮರೆತು ಹೋಗುವ ಪ್ರಶ್ನೆಯಿಲ್ಲ. ಚರಂಡಿಯ ಮೇಲಿಟ್ಟ ಹಲಗೆಗೂ ಇದೇ ಮಾತು.

ಕಬ್ಬಿಣದ ಸರಳು ತರಿಸುವವರಿಗೆ ಒಂದು ಎಚ್ಚರಿಕೆ. ಹಿಂದಕ್ಕೆ ಚಾಚಿದ ಸರಳಿನ ತುದಿಗೆ ಕೆಂಪು ಬಟ್ಟೆ ಕಟ್ಟಿದ ಮಾತ್ರಕ್ಕೆ ಅದು ಕಾನೂನುಬದ್ಧವಾಗುವುದಿಲ್ಲ. ಮಿತಿ ಮೀರಿ ಹೊರಚಾಚಿದ ಸರಕಿಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಹೇಳುವ ದಂಡ 20,000 ರೂಪಾಯಿ, ಅದರ ಮೇಲೆ ಸರಕನ್ನು ಇಳಿಸುವ ಖರ್ಚು.

ಕೂಲಿ ಕೊಟ್ಟಾಗ ರಶೀದಿ ಪಡೆಯಿರಿ; ದಿನಾಂಕ, ವಾಹನಸಂಖ್ಯೆ, ಮೂಟೆಗಳ ಲೆಕ್ಕ ಅದರಲ್ಲಿರಲಿ. ತಕರಾರು ಬಂದರೆ ಲೇಬರ್ ಕಚೇರಿಗೆ ದೂರು ಕೊಡಬಹುದು, ಬೆದರಿಕೆಯಿದ್ದರೆ ಪೊಲೀಸರಿಗೆ. ಮಲಯಾಳ ಬರೆಯಲು ಬಾರದೆಂದು ಅನೇಕರು ದೂರು ಕೊಡದೆ ಸುಮ್ಮನಾಗುತ್ತಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿಯ ಕನ್ನಡಿಗರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ದೂರನ್ನು ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಮೊಹರು ಹಾಕಿಸಿಕೊಂಡು ರಶೀದಿಯ ಜೊತೆಗೇ ಇಟ್ಟುಕೊಳ್ಳಿ.