ಮೂವತ್ತೆಂಟು ರೂಪಾಯಿಯ ಕೇಬಲ್

ಕಾಸರಗೋಡಿನ ಬದಿಯಡ್ಕ ಪೇಟೆಯ ನನ್ನ ಮೊಬೈಲ್ ಅಂಗಡಿಗೆ ಬಂದ ನಿವೃತ್ತ ಮಾಷ್ಟ್ರೊಬ್ಬರು ಚಾರ್ಜಿಂಗ್ ಕೇಬಲನ್ನು ಕೈಯಲ್ಲಿ ತೂಗಿ ನೋಡುತ್ತಾ ಕೇಳಿದರು: “ಇದು ನಿನಗೆ ಎಷ್ಟಕ್ಕೆ ಬೀಳುತ್ತದೆ ಮಾರಾಯ?” ಪೊಟ್ಟಣದ ಮೇಲೆ ಎಂಆರ್‌ಪಿ 299 ಎಂದಿತ್ತು. ನಾನು ಹೇಳಿದ್ದು 120. ನನಗೆ ಬಿದ್ದದ್ದು 38. “ಎಲ್ಲ ಖರ್ಚು ಸೇರಿ ಉಳಿಯುವುದು ಅಷ್ಟಕ್ಕಷ್ಟೇ ಮಾಷ್ಟ್ರೇ” ಎಂದು ಜಾರಿಕೊಂಡೆ. ರಾತ್ರಿ ಶಟರ್ ಎಳೆದ ಮೇಲೆ ಆ ಪ್ರಶ್ನೆ ಮಾತ್ರ ಒಳಗೇ ಉಳಿಯಿತು.

ಪುಸ್ತಕ ತೆಗೆದು ಲೆಕ್ಕ ಹಾಕಿದೆ. 38ರ ಮೇಲೆ 82 ರೂಪಾಯಿ ಎಂದರೆ ಶೇಕಡಾ 216. ಕೇಳಿದವರು ದರೋಡೆ ಎಂದಾರು. ಆದರೆ 120ರೊಳಗೆ ಶೇಕಡಾ 18 ಜಿಎಸ್‌ಟಿಯೂ ಇದೆ. ಖರೀದಿಯಲ್ಲಿ ಕಟ್ಟಿದ್ದನ್ನು ಕಳೆದರೂ ಹನ್ನೆರಡೂವರೆ ರೂಪಾಯಿ ಹೋಗುತ್ತದೆ. ಹತ್ತು ಕೇಬಲ್ ಮಾರಿದರೆ ಎರಡು ವಾಪಸು ಬರುತ್ತಿದ್ದವು, ಹೊಸದು ಕೊಡಲೇಬೇಕು. ಹನ್ನೆರಡು ಸಾವಿರದ ಫೋನ್ ಮಾರಿದರೆ ನನಗೆ ಸಿಗುವುದು 350. ಅದರಲ್ಲೂ ಗಿರಾಕಿ ಆನ್‌ಲೈನ್ ಬೆಲೆ ತೋರಿಸಿ ನೂರು ಇಳಿಸುತ್ತಾನೆ. ಬಾಡಿಗೆ, ಕರೆಂಟ್ ಬಿಲ್, ಹುಡುಗನ ಸಂಬಳ ಎಲ್ಲವೂ ಹುಟ್ಟುವುದು ಕೇಬಲ್, ಕವರ್, ಸ್ಕ್ರೀನ್ ಗಾರ್ಡುಗಳಿಂದಲೇ. ಹಾಗಾಗಿ ಲಾಭದ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆಯಾದದ್ದು ಆ ಕೇಬಲಿನ ಬಗ್ಗೆ.

ಎಂಆರ್‌ಪಿ ಕಥೆಯನ್ನೂ ಹೇಳಿಬಿಡುತ್ತೇನೆ. ಮಂಗಳೂರಿನ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಅದೇ ಕೇಬಲ್ 299ರ ಪೊಟ್ಟಣದಲ್ಲೂ 499ರ ಪೊಟ್ಟಣದಲ್ಲೂ ಇತ್ತು. ನನಗೆ ದರ ಒಂದೇ. “ನಿಮ್ಮ ಊರಿನಲ್ಲಿ ಯಾವುದು ಹೋಗುತ್ತದೆ?” ಎಂದು ಕೇಳಿದರು. ಪೊಟ್ಟಣದ ಸರಕಿಗೆ 2011ರ ಕಾನೂನು ಮಾಪನ ನಿಯಮಗಳಿವೆ, ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಿದರೆ ದಂಡ. ಆದರೆ ಮುದ್ರಿಸುವ ಬೆಲೆ ತಯಾರಕನ ಇಷ್ಟ. 299ರದ್ದು 120ಕ್ಕೆ ಸಿಕ್ಕಿದಾಗ ಗಿರಾಕಿ ಗೆದ್ದ ಮುಖ ಮಾಡಿಕೊಂಡು ಹೋಗುತ್ತಾನೆ. ಆ ಮುಖವನ್ನು ನಾನೂ ವರ್ಷಗಟ್ಟಲೆ ಮಾರಿದ್ದೇನೆ.

ಮರುದಿನ ಒಂದು ಕೇಬಲನ್ನು ಕತ್ತರಿಸಿದೆ. ಕೂದಲಿನಂಥ ಎಳೆಗಳು, ತಾಮ್ರದ ಬಣ್ಣ. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದರೆ ಎಳೆಗಳು ನೆಗೆದು ಅಂಟಿಕೊಂಡವು. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಒಳಗಿದ್ದದ್ದು ಉಕ್ಕು, ಮೇಲೆ ತಾಮ್ರದ ಲೇಪ. ನಿಜವಾದ ತಾಮ್ರವಾದರೂ ತಂತಿಯ ದಪ್ಪ ಮುಖ್ಯ. 28 ಗೇಜಿನ ಒಂದು ಮೀಟರ್ ಕೇಬಲಿನಲ್ಲಿ 2 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 0.85 ವೋಲ್ಟ್ ಸೋರಿಹೋಗುತ್ತದೆ, 5 ವೋಲ್ಟಿನಲ್ಲಿ ಅದು ಸಣ್ಣದಲ್ಲ. 24 ಗೇಜಿನಲ್ಲಿ 0.34 ಮಾತ್ರ. ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ ಎಂಬುದು ನನಗೂ ಆಗಲೇ ಗೊತ್ತಾದದ್ದು. “ಫೋನ್ ಹಾಳಾಗಿದೆ, ಚಾರ್ಜ್ ಏರುವುದಿಲ್ಲ” ಎಂದು ಬಂದ ಎಷ್ಟು ಜನರಿಗೆ ಬ್ಯಾಟರಿ ಬದಲಿಸಿಕೊಟ್ಟಿದ್ದೆನೋ!

38ರ ಸರಕು ತರುವುದನ್ನು ನಿಲ್ಲಿಸಿದೆ. 85ಕ್ಕೆ ಬೀಳುವ ದಪ್ಪ ತಂತಿಯದ್ದನ್ನು 150ಕ್ಕೆ ಮಾರತೊಡಗಿದೆ. ತೆರಿಗೆ ಕಳೆದು ಉಳಿಯುವುದು 55, ಮೊದಲಿಗಿಂತ ಹದಿನಾಲ್ಕು ಕಡಿಮೆ. ಮೊದಲ ಎರಡು ತಿಂಗಳು ವ್ಯಾಪಾರ ಬಿತ್ತು, ಬಸ್ ನಿಲ್ದಾಣದ ಬದಿಯಲ್ಲಿ ನೂರಕ್ಕೇ ಸಿಗುತ್ತದಲ್ಲ. ಆಮೇಲೆ ಕೇಬಲಿನಲ್ಲಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಬರುತ್ತದೆಂದು ತೋರಿಸುವ ಯುಎಸ್‌ಬಿ ಮೀಟರೊಂದನ್ನು ಕೌಂಟರಿನಲ್ಲಿಟ್ಟು ಗಿರಾಕಿಯ ಹಳೆಯ ಕೇಬಲಿನ ಅಂಕಿಯನ್ನೂ ಹೊಸದರ ಅಂಕಿಯನ್ನೂ ತೋರಿಸಲು ಶುರುಮಾಡಿದೆ. ಮಲಯಾಳದಲ್ಲೋ ತುಳುವಿನಲ್ಲೋ ವಿವರಿಸುವ ಕಷ್ಟವೂ ತಪ್ಪಿತು. ವಾಪಸು ಬರುವುದು ತಿಂಗಳಿಗೆ ಒಂದೋ ಎರಡೋ.

ಟಿವಿಗೆ ಚಿತ್ರ, ಧ್ವನಿ ತರುವ ಎಚ್‌ಡಿಎಂಐ ಕೇಬಲಿನಲ್ಲಿ ಮಾತ್ರ ಚಿನ್ನದ ಲೇಪದ ಮಾತಿಗೆ ಮರುಳಾಗಬೇಡಿ. ನಮ್ಮ ಮನೆಗೆ ಟಿವಿ ತಂದಾಗ ಶೋರೂಮಿನವರು 1,400ರದ್ದನ್ನು ಅಂಟಿಸಲು ನೋಡಿದರು. ಅಷ್ಟೇ ಉದ್ದದ್ದು ನನಗೆ 110ಕ್ಕೆ ಬೀಳುತ್ತದೆ. ಡಿಜಿಟಲ್ ಸಂಕೇತ ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ, ಇಲ್ಲವಾದರೆ ಚುಕ್ಕಿ ಅಥವಾ ಕತ್ತಲೆ. ಚಿನ್ನದ ಲೇಪದಿಂದ ಬಣ್ಣ ಹೆಚ್ಚುವುದಿಲ್ಲ. ಆಟಿ ತಿಂಗಳ ಮಳೆಯ ತೇವಕ್ಕೆ ಪಿನ್ನು ಕಿಲುಬು ಹಿಡಿಯದು, ಅಷ್ಟು ಉಪಕಾರ ಉಂಟು.

ಮಾಷ್ಟ್ರು ಮೊನ್ನೆ ಮತ್ತೆ ಬಂದಿದ್ದರು. ಮಗ ದುಬೈಯಿಂದ ತಂದ ಚಾರ್ಜರಿನ ಆಯತಾಕಾರದ ಪಿನ್ನುಗಳು ಮನೆಯ ಯಾವ ಪ್ಲಗ್ಗಿಗೂ ಹೋಗುತ್ತಿಲ್ಲವಂತೆ. ಗಲ್ಫಿನಿಂದ ಬಂದವರಿರುವ ಈ ಊರಿನಲ್ಲಿ ಅದಕ್ಕೆ ಹಾಕುವ ಅಡಾಪ್ಟರ್ ದಿನಕ್ಕೆ ಎರಡಾದರೂ ಹೋಗುತ್ತದೆ. ನನಗೆ 18ಕ್ಕೆ ಬೀಳುತ್ತದೆ. 60 ಎಂದೆ. ಮಾಷ್ಟ್ರು ಮಾತಿಲ್ಲದೆ ಹಣ ಎಣಿಸಿಕೊಟ್ಟು ಹೋದರು.